ದುಬಾರಿ ಪೆಟ್ರೋಲ್: ಬೈಕಿಗೆ ಬೇಕಿರುವುದೆಷ್ಟು, ಬಂಕಿನಲ್ಲಿ ತಿಳಿಯುವುದೆಷ್ಟು?

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಪೆಟ್ರೋಲ್ ಬಂಕುಗಳಲ್ಲಿ ಸಾದಾ ಪೆಟ್ರೋಲಿನ ಪಕ್ಕದಲ್ಲೇ 95, 97, 99, 100 ಎಂಬ ಆಕ್ಟೇನ್ ಸಂಖ್ಯೆಗಳನ್ನು ಹೊತ್ತ ಪ್ರೀಮಿಯಂ ಪೆಟ್ರೋಲ್ ಮಾರಾಟವಾಗತೊಡಗಿ ಕೆಲವು ವರ್ಷಗಳಾದವು. ಇಂಡಿಯನ್ ಆಯಿಲ್ ಕಂಪನಿಯು 100 ಆಕ್ಟೇನ್‌ನ ಎಕ್ಸ್‌ಪಿ100 ಪೆಟ್ರೋಲನ್ನು 2020ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂಪಾಯಿ ಇತ್ತು. ಆಗ ಅಲ್ಲಿ ಸಾದಾ ಪೆಟ್ರೋಲ್ 82 ರೂಪಾಯಿಯ ಆಸುಪಾಸಿನಲ್ಲಿತ್ತು. ಅಷ್ಟು ದುಬಾರಿಯದ್ದನ್ನು ಕೊಳ್ಳುವವರು ಹತ್ತಾರು ಲಕ್ಷದ ಬೈಕು, ಕಾರು ಇಟ್ಟುಕೊಂಡವರು. ಅವರ ಲೆಕ್ಕ ಅವರಿಗಿರಲಿ. ಈ ಪತ್ರ ಬರೆಯುತ್ತಿರುವುದು 95 ಆಕ್ಟೇನ್ ಪೆಟ್ರೋಲನ್ನು ಕುರಿತು. ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ತೆತ್ತು ಇದನ್ನು ಹಾಕಿಸಿಕೊಳ್ಳುತ್ತಿರುವವರು ಕಾಲೇಜು ಹುಡುಗರು, ಮನೆಮನೆಗೆ ಊಟ ಮುಟ್ಟಿಸುವ ಹುಡುಗರು, ಡೇರಿಗೆ ಹಾಲಿನ ಕ್ಯಾನು ಹೊತ್ತೊಯ್ಯುವ ರೈತರು, ಅಂದರೆ 100 ಅಥವಾ 125 ಸಿಸಿ ಗಾಡಿಯ ಮೇಲೆ ಬದುಕು ನಡೆಸುವವರು. ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನನ್ನು ಪರಿಚಯದವರು ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇದೇ ಆಗಿದೆ: "ಪ್ರೀಮಿಯಂ ಹಾಕಿಸಿದರೆ ಗಾಡಿಗೆ ಒಳ್ಳೆಯದಲ್ಲವೇ ಸಾರ್?"

ಬಹುಪಾಲು ಗಾಡಿಗಳಿಗೆ ಅದರಿಂದ ಕೆಡುಕೂ ಇಲ್ಲ, ಕೊಟ್ಟ ಹಣಕ್ಕೆ ತಕ್ಕ ಲಾಭವೂ ಇಲ್ಲ ಎಂಬುದು ನನ್ನ ಉತ್ತರ. ಹಾಗೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಸಂಖ್ಯೆಗಳ ಸುತ್ತ ಹಬ್ಬಿರುವ ತಪ್ಪು ತಿಳಿವಳಿಕೆ ಎಷ್ಟೆಂದರೆ, ಆಕ್ಟೇನ್ ಎಂಬುದು ಪೆಟ್ರೋಲಿನ ಶಕ್ತಿಯ ಅಳತೆ, 91ಕ್ಕಿಂತ 95ರಲ್ಲಿ ನಾಲ್ಕು ಪಾಲು ಹೆಚ್ಚು ಕಸುವಿದೆ ಎಂದು ಓದಿದವರೂ ನಂಬಿದ್ದಾರೆ. ಆಕ್ಟೇನ್ ಸಂಖ್ಯೆಗೂ ಪೆಟ್ರೋಲಿನಲ್ಲಿ ಅಡಗಿರುವ ಶಾಖಕ್ಕೂ ನೇರ ಸಂಬಂಧವಿಲ್ಲ. ಪೆಟ್ರೋಲಿಗಿಂತ ಎಷ್ಟೋ ಹೆಚ್ಚಿನ ಆಕ್ಟೇನ್ ಇರುವ ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನದ್ದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಎಂಬ ಒಂದೇ ಸಂಗತಿ ಈ ನಂಬಿಕೆಯನ್ನು ಸುಳ್ಳಾಗಿಸಲು ಸಾಕು.

ಆಕ್ಟೇನ್ ಅಳೆಯುವುದು ಬೇರೊಂದು ಗುಣವನ್ನು. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಒತ್ತಿದಾಗ ಅದು ಬಿಸಿಯಾಗುತ್ತದೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಾಗವಾಗಿ ಹರಡಬೇಕು. ಜ್ವಾಲೆ ತಲುಪುವ ಮೊದಲೇ, ದೂರದ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡ ಮತ್ತು ಶಾಖ ತಾಳಲಾರದೆ ತಾನೇ ತಾನಾಗಿ ಸಿಡಿದರೆ, ಲೋಹದ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿದಂಥ ಸದ್ದು ಕೇಳುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಹೀಗೆ ಸಿಡಿಯದೆ ತಡೆದುಕೊಳ್ಳುವ ಪೆಟ್ರೋಲಿನ ತಾಳಿಕೆಯೇ ಆಕ್ಟೇನ್. ಅದನ್ನು ಅಳೆಯಲು ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಕಂಪ್ರೆಶನ್ ರೇಶಿಯೊವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಅನುಪಾತವನ್ನು, ಏರಿಸಿ ಇಳಿಸಬಹುದಾದ ವಿಶೇಷ ಎಂಜಿನ್ ಒಂದಿದೆ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100 ಅಂಕ, ಬಹಳ ಬೇಗ ಸಿಡಿಯುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ. ನಿಮ್ಮ ಪೆಟ್ರೋಲ್ 91 ಪಾಲು ಐಸೊ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಂತೆ ವರ್ತಿಸಿದರೆ ಅದರ ಆಕ್ಟೇನ್ 91. ಅಷ್ಟೇ ವಿಷಯ. ಇದರಲ್ಲಿ ವೇಗವೂ ಇಲ್ಲ, ಮೈಲೇಜೂ ಇಲ್ಲ.

ಈ ತಾಳಿಕೆಯನ್ನು ಅಗ್ಗವಾಗಿ ಹೆಚ್ಚಿಸುವ ಆಸೆಗೆ ಜಗತ್ತು ದೊಡ್ಡ ಬೆಲೆಯನ್ನೇ ತೆತ್ತಿದೆ. 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಥಾಮಸ್ ಮಿಜ್ಲಿ ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿ ನಾಕಿಂಗ್ ನಿಲ್ಲಿಸಿದ ಮೇಲೆ, ಆ ವಿಷ ದಶಕಗಳ ಕಾಲ ಬೀದಿಬೀದಿಯ ಗಾಳಿಯಲ್ಲಿ ಸೇರಿತು. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲ್ ಮೊದಲು ಮಹಾನಗರಗಳಿಗೆ ಬಂದು, 2000ದ ಫೆಬ್ರುವರಿ 1ರಿಂದ ದೇಶದ ಎಲ್ಲೆಡೆ ಕಡ್ಡಾಯವಾಯಿತು. ಈಗ ಆ ಕೆಲಸವನ್ನು ಸಂಸ್ಕರಣಾಗಾರಗಳ ನಾನಾ ಪ್ರಕ್ರಿಯೆಗಳು ಮತ್ತು ಎಥನಾಲ್ ಮಾಡುತ್ತಿವೆ.

ಇನ್ನು ಗಾಡಿಯ ಕಡೆಯಿಂದ ನೋಡೋಣ. ಎಂಜಿನ್ ರೂಪಿಸುವವರು ಅದು ಮಾರಾಟವಾಗುವ ದೇಶದಲ್ಲಿ ಎಲ್ಲ ಕಡೆ ಸಿಗುವ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿದೇ ಕಂಪ್ರೆಶನ್ ರೇಶಿಯೊ ಮತ್ತು ಕಿಡಿ ಹಾರುವ ಹೊತ್ತನ್ನು, ಅಂದರೆ ಇಗ್ನಿಷನ್ ಟೈಮಿಂಗನ್ನು, ನಿಗದಿ ಮಾಡುತ್ತಾರೆ. ನಮ್ಮಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಿಂದ. ಆ ಮಾನದಂಡದಲ್ಲಿ ಸಾದಾ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91 ಎಂದಿತ್ತು. 91ರಲ್ಲಿ ನಾಕಿಂಗ್ ಆಗದಂತೆ ಹೊಂದಿಸಿದ ಎಂಜಿನ್ನಿಗೆ 95 ಹಾಕಿದರೆ, ಆಗದೇ ಇದ್ದ ನಾಕಿಂಗ್ ಇನ್ನಷ್ಟು ಕಡಿಮೆಯಾಗುವುದಿಲ್ಲ. ಜ್ವರವಿಲ್ಲದವನು ಪ್ಯಾರಾಸಿಟಮಾಲ್ ನುಂಗಿದ ಹಾಗೆ. ಹೆಚ್ಚಿನ ಆಕ್ಟೇನಿನಿಂದ ಹೆಚ್ಚಿನ ಶಕ್ತಿ ಹಿಂಡಬೇಕಾದರೆ ಎಂಜಿನ್ನಿಗೆ ಅದು ಗೊತ್ತಾಗಬೇಕು; ನಾಕ್ ಸೆನ್ಸರ್ ಇರುವ ಎಂಜಿನ್ ಮಾತ್ರ ಸದ್ದನ್ನು ಆಲಿಸುತ್ತ, ಅಪಾಯವಿಲ್ಲವೆಂದು ಕಂಡಾಗ ಕಿಡಿಯನ್ನು ತುಸು ಮುಂಚಿತವಾಗಿ ಹಾರಿಸಿ ಆ ಲಾಭವನ್ನು ಪಡೆಯಬಲ್ಲದು. ನಮ್ಮ ರಸ್ತೆಗಳಲ್ಲಿ ಓಡುವ 100, 125 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಸೆನ್ಸರ್ ಇರುವುದಿಲ್ಲ. ಟ್ಯಾಂಕಿನಲ್ಲಿ ಏನಿದ್ದರೂ ಅವು ಕಾರ್ಖಾನೆಯಲ್ಲಿ ಬರೆದಿಟ್ಟ ಲೆಕ್ಕದಂತೆಯೇ ಕಿಡಿ ಹಾರಿಸುತ್ತವೆ.

ಕಂಪ್ರೆಶನ್ ರೇಶಿಯೊ ಹತ್ತು ದಾಟಿದರೆ ಪ್ರೀಮಿಯಂ ಬೇಕೇಬೇಕು ಎಂಬ ಸೂತ್ರವೊಂದು ಹುಡುಗರ ನಡುವೆ ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಹೀರೊ ಸ್ಪ್ಲೆಂಡರ್‌ನ ರೇಶಿಯೊ ಹತ್ತರ ಹತ್ತಿರವಿದ್ದರೂ ಅದರ ಸಿಲಿಂಡರಿನ ವ್ಯಾಸ ಕೇವಲ 50 ಮಿಲಿಮೀಟರ್. ಜ್ವಾಲೆ ಸಾಗಬೇಕಾದ ದಾರಿ ಇಷ್ಟು ಚಿಕ್ಕದಾಗಿರುವಾಗ ಮೂಲೆಯ ಮಿಶ್ರಣಕ್ಕೆ ಕಾದು ಸಿಡಿಯುವಷ್ಟು ಸಮಯವೇ ಸಿಗುವುದಿಲ್ಲ. ಕೆಟಿಎಂ 390 ಡ್ಯೂಕ್‌ನ 373 ಸಿಸಿ ಎಂಜಿನ್ನಿನ ವ್ಯಾಸ 89 ಮಿಲಿಮೀಟರ್, ರೇಶಿಯೊ ಹದಿಮೂರರ ಹತ್ತಿರ. ಅಲ್ಲಿ ಆಕ್ಟೇನಿನ ಪ್ರಶ್ನೆ ನಿಜವಾದ ಪ್ರಶ್ನೆ. ಟ್ರಯಂಫ್ ಸ್ಪೀಡ್ 400ರಲ್ಲಿ ಹನ್ನೆರಡು, ಡುಕಾಟಿ ಪಾನಿಗಾಲೆ ವಿ4ನಲ್ಲಿ ಹದಿನಾಲ್ಕು. ಇವುಗಳ ಮಾಲೀಕರು ಕೈಪಿಡಿ ತೆರೆದು, ಅಲ್ಲಿ 95 ಎಂದಿದ್ದರೆ ಎರಡು ಮಾತಿಲ್ಲದೆ 95 ಹಾಕಿಸಬೇಕು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹಳೆಯ ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ 350. ಅದರ ರೇಶಿಯೊ ಆರೇಳರ ಆಸುಪಾಸು, ಕಳಪೆ ಪೆಟ್ರೋಲಿನ ಕಾಲಕ್ಕೆಂದೇ ಹುಟ್ಟಿದ ಎಂಜಿನ್ ಅದು. ಅಂಥ ಬುಲೆಟ್ಟಿಗೆ 97 ಆಕ್ಟೇನ್ ಕುಡಿಸುವ ಅಭಿಮಾನಿಗಳನ್ನು ಕಂಡಿದ್ದೇನೆ. ಪ್ರೀತಿಗೆ ಲೆಕ್ಕವಿಲ್ಲವೆಂದು ಸುಮ್ಮನಿದ್ದೇನೆ.

ಇಲ್ಲಿಯವರೆಗಿನದು ಪಠ್ಯಪುಸ್ತಕದ ಮಾತು. ಈಗ ಸಾರ್ವಜನಿಕವಾಗಿ ಚರ್ಚೆಯಾಗಬೇಕಾದ, ಆದರೆ ಅಷ್ಟಾಗಿ ಆಗದ ಒಂದು ಸಂಗತಿಗೆ ಬರುತ್ತೇನೆ. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಯೋಜನೆಯ ಬಗ್ಗೆ ಆಕ್ಷೇಪಗಳು ಎದ್ದಾಗ ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಸುದೀರ್ಘ ಸ್ಪಷ್ಟೀಕರಣ ನೀಡಿತು. ಎಥನಾಲ್‌ನ ಆಕ್ಟೇನ್ ಸುಮಾರು 108.5 ಇದೆ, ಹಿಂದೆ 88 ಇದ್ದು ಬಿಎಸ್-6ರ ಕಾಲಕ್ಕೆ 91 ಆಗಿದ್ದ ಪೆಟ್ರೋಲಿನ ಆಕ್ಟೇನ್ ಶೇ 20ರ ಮಿಶ್ರಣದಿಂದ 95ಕ್ಕೆ ಮುಟ್ಟಿದೆ, ಹೀಗಾಗಿ ನಾಕಿಂಗ್ ತಡೆಯುವ ಗುಣ ಸುಧಾರಿಸಿದೆ ಎಂಬುದು ಅದರ ಒಂದು ಮುಖ್ಯ ವಾದವಾಗಿತ್ತು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಒಪ್ಪತಕ್ಕ ಮಾತೇ. ಆದರೆ ಸಾದಾ ನಾಜಲ್‌ನಿಂದ ಬರುತ್ತಿರುವುದೇ 95ರ ಮಟ್ಟದ್ದಾದರೆ, ಪಕ್ಕದ ನಾಜಲ್ಲಿನ ಮೇಲೆ 95 ಎಂದು ದೊಡ್ಡದಾಗಿ ಬರೆದು ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಪಡೆಯುತ್ತಿರುವುದು ಯಾವ ಗುಣಕ್ಕೆ? ಸಾದಾ ಪೆಟ್ರೋಲಿನ ಸಮರ್ಥನೆಗೆ ಒಂದು ಲೆಕ್ಕ, ಪ್ರೀಮಿಯಂ ಪೆಟ್ರೋಲಿನ ಮಾರಾಟಕ್ಕೆ ಇನ್ನೊಂದು ಲೆಕ್ಕ ಇರಲು ಸಾಧ್ಯವಿಲ್ಲ. ತೈಲ ಕಂಪನಿಗಳಲ್ಲಿ ದೊಡ್ಡವು ಸರ್ಕಾರದ ಒಡೆತನದವೇ ಆಗಿರುವುದರಿಂದ ಈ ಪ್ರಶ್ನೆಗೆ ಉತ್ತರ ಕೊಡುವುದು ಅವರಿಗೆ ಕಷ್ಟವಾಗಬಾರದು.

ಇದೇ ಗೊಂದಲದ ಇನ್ನೊಂದು ಮುಖವೆಂದರೆ, ಪ್ರೀಮಿಯಂ ಎಂದರೆ ಎಥನಾಲ್ ಇಲ್ಲದ ಪೆಟ್ರೋಲ್ ಎಂಬ ನಂಬಿಕೆ. ಹಳೆಯ ಕಾರ್ಬ್ಯುರೇಟರ್ ಗಾಡಿ ಇಟ್ಟುಕೊಂಡ ಅನೇಕರು ಎಥನಾಲ್‌ನ ಭಯದಿಂದಲೇ 95ರ ನಾಜಲ್ಲಿನ ಮುಂದೆ ನಿಲ್ಲುತ್ತಿದ್ದಾರೆ. ಆಕ್ಟೇನ್ ಹೆಚ್ಚಿದೆ ಎಂಬುದು ಎಥನಾಲ್ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ಆಕ್ಟೇನ್ ಹೆಚ್ಚಿಸುವ ಸುಲಭ ದಾರಿಯೇ ಎಥನಾಲ್ ಆಗಿರುವಾಗ ಆ ತರ್ಕ ನಿಲ್ಲುವುದಿಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಭಾಗಗಳನ್ನು ಕೆಡಿಸಬಲ್ಲದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲಿ ನಿಂತೇ ಇರುವ ಗಾಡಿಯ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿದರೆ ಯಾವ ಆಕ್ಟೇನ್ ಸಂಖ್ಯೆಯೂ ಅದನ್ನು ತಪ್ಪಿಸದು. ಅಂಥವರು ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರನ್ನೂ ಪೆಟ್ರೋಲ್ ಪೈಪನ್ನೂ ಬದಲಾಯಿಸಿ, ಕಾರ್ಬ್ಯುರೇಟರಿನಲ್ಲಿ ನಿಂತ ಪೆಟ್ರೋಲನ್ನು ಹೊರಗೆ ಬಿಡುವುದು ಮೇಲು. ಅದಕ್ಕಾಗುವ ಖರ್ಚು ಒಂದು ಟ್ಯಾಂಕ್ ಪ್ರೀಮಿಯಂ ಪೆಟ್ರೋಲಿನ ಬೆಲೆಗಿಂತ ಕಡಿಮೆ.

ಪ್ರೀಮಿಯಂ ಪೆಟ್ರೋಲಿನ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತೊಂದಿದೆ, ಅದನ್ನು ಮುಚ್ಚಿಡಬಾರದು. ಅದರಲ್ಲಿ ಮಾರ್ಜಕಗಳನ್ನು, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮತ್ತು ಇನ್‌ಟೇಕ್ ವಾಲ್ವಿನ ಮೇಲೆ ಜಿಡ್ಡು ಕಟ್ಟದಂತೆ ತಡೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಬಿಎಸ್-6ರ ನಂತರ ಸಣ್ಣ ಗಾಡಿಗಳಿಗೂ ಇಂಜೆಕ್ಷನ್ ಬಂದಿರುವುದರಿಂದ ಇದರಿಂದ ಸ್ವಲ್ಪ ಪ್ರಯೋಜನವಿದೆ. ಆದರೆ ಮಾರ್ಜಕ ಬೇರೆ, ಆಕ್ಟೇನ್ ಬೇರೆ. ಹಿಂದೆ ನಮ್ಮಲ್ಲಿ ಪ್ರೀಮಿಯಂ ಎಂದು ಮಾರಾಟವಾದ ಕೆಲವು ಪೆಟ್ರೋಲ್‌ಗಳಲ್ಲಿ ಆಕ್ಟೇನ್ ಸಾದಾ ಪೆಟ್ರೋಲಿನಷ್ಟೇ ಇದ್ದು, ಬೆರಕೆಯಾದದ್ದು ಮಾರ್ಜಕ ಮಾತ್ರವಾಗಿತ್ತು. ಅಮೆರಿಕದಲ್ಲಿ ವಾಹನ ತಯಾರಕರೇ ಕೂಡಿ 2004ರಿಂದ ನಡೆಸಿಕೊಂಡು ಬಂದಿರುವ ಟಾಪ್ ಟಿಯರ್ ಎಂಬ ಮಾನದಂಡವು, ಅದನ್ನು ಒಪ್ಪಿದ ಕಂಪನಿಯು ತನ್ನ ಅಗ್ಗದ ಪೆಟ್ರೋಲಿಗೂ ಸಾಕಷ್ಟು ಮಾರ್ಜಕ ಬೆರೆಸಬೇಕೆಂದು ಹೇಳುತ್ತದೆ. ಸ್ವಚ್ಛ ಎಂಜಿನ್ ಎಂಬುದು ಹೆಚ್ಚು ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಸವಲತ್ತಾಗಬೇಕಿಲ್ಲ ಎಂಬ ಈ ವಿವೇಕ ನಮ್ಮಲ್ಲಿಗೂ ಬಂದರೆ ಒಳ್ಳೆಯದು.

"ಇಲ್ಲ ಸಾರ್, ಹಾಕಿಸಿದ ಮೇಲೆ ಪಿಕಪ್ ಗೊತ್ತಾಗುತ್ತೆ, ಮೈಲೇಜೂ ಬರುತ್ತೆ" ಎಂದು ಆಣೆ ಮಾಡಿ ಹೇಳುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯವಾಗಿ ಸರ್ವಿಸ್ ಮಾಡಿಸಿದ ಮೇಲೆಯೇ ಒಳ್ಳೆಯ ಪೆಟ್ರೋಲ್ ಹಾಕಿಸುವ ಮನಸ್ಸಾಗುತ್ತದೆ. ಹೊಸ ಆಯಿಲ್, ಸ್ವಚ್ಛವಾದ ಏರ್ ಫಿಲ್ಟರ್, ಬಿಗಿ ಮಾಡಿದ ಚೈನು, ಗಾಳಿ ತುಂಬಿದ ಟೈರುಗಳ ಪುಣ್ಯವೆಲ್ಲ ಪೆಟ್ರೋಲಿನ ಖಾತೆಗೆ ಜಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಮಾತು ಬೇರೆಯಾಗುತ್ತದೆ. ಸಾದಾ ಪೆಟ್ರೋಲ್ 103 ರೂಪಾಯಿ, 95 ಆಕ್ಟೇನಿನದು 111 ರೂಪಾಯಿ ಎಂದು ಹಿಡಿದರೆ, ಖರ್ಚು ಸರಿದೂಗಬೇಕಾದರೂ ಮೈಲೇಜ್ ಸುಮಾರು ಶೇ 8ರಷ್ಟು ಹೆಚ್ಚಬೇಕು. ಅಂದರೆ ಲೀಟರಿಗೆ 50 ಕಿಲೋಮೀಟರ್ ಕೊಡುವ ಗಾಡಿ 54 ಕೊಡಬೇಕು. ಎಂಜಿನ್ನಿನ ಹೊಂದಾಣಿಕೆ ಬದಲಾಗದೆ ಬರೀ ಆಕ್ಟೇನಿನಿಂದ ಅಷ್ಟು ಏರಿಕೆ ಬರುವ ದಾರಿಯೇ ಇಲ್ಲ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವನಿಗೆ ಇಪ್ಪತ್ತು ಲೀಟರ್ ಬೇಕು, ಹೆಚ್ಚುವರಿ ಖರ್ಚು 160 ರೂಪಾಯಿ, ವರ್ಷಕ್ಕೆ 1,920. ಊಟ ಮುಟ್ಟಿಸುವ ಕೆಲಸದಲ್ಲಿ ದಿನಕ್ಕೆ ನೂರು ಕಿಲೋಮೀಟರ್ ದಾಟಿ ಓಡಿಸುವ ಹುಡುಗನಿಗೆ ಇದು ಎರಡು ಮೂರು ಪಟ್ಟು. ಆ ಹಣದಲ್ಲಿ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿ, ಚೈನ್ ಸ್ಪ್ರಾಕೆಟ್ ಹಾಕಿಸಿದರೆ ಗಾಡಿಯೂ ಬದುಕುತ್ತದೆ, ಮೈಲೇಜೂ ನಿಜವಾಗಿ ಬರುತ್ತದೆ.

ಹಾಗಾದರೆ ಸಾದಾ ಗಾಡಿಗೆ ಪ್ರೀಮಿಯಂನಿಂದ ವ್ಯತ್ಯಾಸ ಕಾಣುವುದೇ ಇಲ್ಲವೇ? ಕಾಣುವ ಸಂದರ್ಭವಿದೆ, ಆದರೆ ಅದು ಗಾಡಿ ಕೆಟ್ಟಿರುವುದರ ಸೂಚನೆ. ನನ್ನ ಪರಿಚಯದ ಗ್ಯಾರೇಜಿಗೆ ಈಚೆಗೆ ಒಂದು ಹಳೆಯ 150 ಸಿಸಿ ಬೈಕು ಬಂದಿತ್ತು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಎಂಜಿನ್ ಕಟಕಟ ಎನ್ನುತ್ತದೆ, ಪ್ರೀಮಿಯಂ ಹಾಕಿಸಿದರೆ ನಿಲ್ಲುತ್ತದೆ, ಆದ್ದರಿಂದ ತನ್ನ ಗಾಡಿಗೆ ಅದೇ ಒಗ್ಗುತ್ತದೆ ಎಂಬುದು ಮಾಲೀಕನ ವಾದ. ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ತಲೆಯ ಮೇಲೆ ಕಾರ್ಬನ್ ದಪ್ಪ ಪದರವಾಗಿ ಕೂತಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಅಂಚಿನಿಂದ ಕೆರೆದರೆ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ಅದರ ಕೆಳಗೆ, ಎಕ್ಸಾಸ್ಟ್ ಕಡೆಯ ಅಂಚಿನಲ್ಲಿ, ಅಲ್ಯುಮಿನಿಯಂ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು. ಬಹುಕಾಲ ನಾಕಿಂಗ್ ಸಹಿಸಿದ ಪಿಸ್ಟನ್ನಿನ ಗುರುತು ಅದು. ಕೂಡಿದ ಕಾರ್ಬನ್ ಸಿಲಿಂಡರಿನ ಜಾಗವನ್ನು ಕಡಿಮೆ ಮಾಡಿ ಒತ್ತಡ ಹೆಚ್ಚಿಸುತ್ತದೆ, ಜೊತೆಗೆ ಕೆಂಡದಂತೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ತೆಗೆದು, ಯಾರೋ ಹಾಕಿದ್ದ ತಪ್ಪು ನಂಬರಿನ ಪ್ಲಗ್ ಬದಲಿಸಿ, ಎಣ್ಣೆ ಹಿಡಿದ ಏರ್ ಫಿಲ್ಟರ್ ಎಸೆದ ಮೇಲೆ ಅದೇ ಗಾಡಿ ಸಾದಾ ಪೆಟ್ರೋಲಿನಲ್ಲೇ ಘಾಟಿ ಹತ್ತಿತು. ಪ್ರೀಮಿಯಂ ಇಷ್ಟು ದಿನ ರೋಗವನ್ನು ಮುಚ್ಚಿಟ್ಟಿತ್ತು. ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ನಾಲ್ಕನೇ ಗೇರಿನಲ್ಲೇ ಎಂಜಿನ್ ನರಳುವಂತೆ ಹತ್ತಿಸುವ ಅಭ್ಯಾಸವೂ ಇದಕ್ಕೆ ಕಾರಣ. ಒಂದು ಗೇರ್ ಇಳಿಸಿದರೆ ಎಂಜಿನ್ನಿನ ಸುತ್ತು ಹೆಚ್ಚಿ, ನಾಕಿಂಗ್ ಆಗುವಷ್ಟು ಕಾಲಾವಕಾಶ ಉಳಿಯುವುದಿಲ್ಲ. ಇದಕ್ಕೆ ದುಡ್ಡು ಬೇಕಿಲ್ಲ.

ಎತ್ತರದ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಪ್ರತಿ ಬೇಸಿಗೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳಿಂದ ಲಡಾಖ್‌ಗೆ ಹೊರಡುವ ಬೈಕ್ ತಂಡಗಳ ಹುಡುಗರು ಅಲ್ಲಿ ಪ್ರೀಮಿಯಂ ಸಿಗದೆಂದು ಆಕ್ಟೇನ್ ಬೂಸ್ಟರಿನ ಸಣ್ಣ ಶೀಶೆಗಳನ್ನು ಕೊಂಡು ಚೀಲದಲ್ಲಿ ತುಂಬಿಕೊಳ್ಳುತ್ತಾರೆ. ಆದರೆ 5,359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಸುಮಾರು ಅರ್ಧದಷ್ಟು. ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆಯಾದಾಗ ಒತ್ತಡವೂ ಕಡಿಮೆ, ನಾಕಿಂಗಿನ ಅಪಾಯವೂ ಕಡಿಮೆ. ಅಮೆರಿಕದ ರಾಕಿ ಪರ್ವತ ಸೀಮೆಯಲ್ಲಿ ಇದೇ ಕಾರಣಕ್ಕೆ ಬೇರೆಡೆಗಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಮಾರುವ ರೂಢಿ ಬಂದದ್ದು. ಶೀಶೆಗಳ ಬದಲು ಪಂಕ್ಚರ್ ಸಾಮಾನು, ಕ್ಲಚ್ ಕೇಬಲ್ ಇಟ್ಟುಕೊಂಡರೆ ಉಪಯೋಗಕ್ಕೆ ಬಂದೀತು.

ಅಮೆರಿಕದ ಹೆಸರು ಬಂದಾಗ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಅಲ್ಲಿ ನೆಲೆಸಿರುವ ನಮ್ಮವರು ಊರಿಗೆ ಬಂದಾಗ "ಅಲ್ಲಿ 87 ಸಾದಾ, 91 ಪ್ರೀಮಿಯಂ, ಇಲ್ಲಿ ಸಾದಾ ಪೆಟ್ರೋಲೇ 91, ಅಂದ ಮೇಲೆ ನಮ್ಮದೇ ಉತ್ತಮ" ಎನ್ನುವುದುಂಟು, ಅದೇ ಸಂಖ್ಯೆಗಳನ್ನು ಹಿಡಿದು ನಮ್ಮ 95 ಅಲ್ಲಿ ಸಿಗುವ ಯಾವುದಕ್ಕೂ ಮೇಲು ಎಂದು ತೀರ್ಮಾನಿಸುವವರೂ ಉಂಟು. ಎರಡೂ ತಪ್ಪು. ಅಳತೆಯ ವಿಧಾನ ಎರಡಿದೆ: ಒಂದು ರಿಸರ್ಚ್ ಆಕ್ಟೇನ್, ಇನ್ನೊಂದು ಹೆಚ್ಚು ಕಠಿಣ ಪರಿಸ್ಥಿತಿಯಲ್ಲಿ ಅಳೆಯುವ ಮೋಟರ್ ಆಕ್ಟೇನ್. ಭಾರತ ಮತ್ತು ಯುರೋಪಿನ ಬಂಕುಗಳಲ್ಲಿ ಹೇಳುವುದು ಮೊದಲನೆಯದನ್ನು. ಅಮೆರಿಕದಲ್ಲಿ ಬರೆಯುವುದು ಎರಡರ ಸರಾಸರಿಯನ್ನು. ಅಲ್ಲಿನ 87 ನಮ್ಮ 91ಕ್ಕೆ ಹೆಚ್ಚುಕಡಿಮೆ ಸಮ. ಹೋಲಿಸಬೇಕಾದದ್ದು ಬೇರೆ ವಿಷಯದಲ್ಲಿ. ಅಲ್ಲಿ ಪ್ರತಿ ಪಂಪಿನ ಮೇಲೂ ಹಳದಿ ಚೀಟಿಯಲ್ಲಿ ಆಕ್ಟೇನ್ ಸಂಖ್ಯೆ ನಮೂದಿಸುವುದು ಕಾನೂನು. ಅಲ್ಲಿನ ವಾಹನ ಸವಾರರ ಸಂಘವಾದ ಎಎಎ 2016ರಲ್ಲಿ ಲೆಕ್ಕ ಹಾಕಿ, ಸಾದಾ ಪೆಟ್ರೋಲ್ ಸಾಕಾಗುವ ಕಾರುಗಳಿಗೆ ಪ್ರೀಮಿಯಂ ಹಾಕಿಸಿ ಅಮೆರಿಕನ್ನರು ಒಂದು ವರ್ಷದಲ್ಲಿ 210 ಕೋಟಿ ಡಾಲರ್ ಪೋಲು ಮಾಡಿದ್ದಾರೆ ಎಂದು ಪ್ರಕಟಿಸಿತು. ಮರುವರ್ಷ ಅದೇ ಸಂಘ, ತಯಾರಕರು ಪ್ರೀಮಿಯಂ ಕಡ್ಡಾಯ ಎನ್ನದೆ ಕೇವಲ ಶಿಫಾರಸು ಮಾಡಿದ ಕಾರುಗಳನ್ನು ಪರೀಕ್ಷಿಸಿದಾಗ ಮೈಲೇಜಿನಲ್ಲಿ ಸಿಕ್ಕ ಸರಾಸರಿ ಏರಿಕೆ ಶೇ 2.7, ಶಕ್ತಿಯಲ್ಲಿ ಶೇ 1.4. ನಾಕ್ ಸೆನ್ಸರ್ ಇರುವ ಕಾರುಗಳಲ್ಲೇ ಇಷ್ಟು. ಅದಿಲ್ಲದ 110 ಸಿಸಿ ಬೈಕಿನಿಂದ ಎಷ್ಟು ನಿರೀಕ್ಷಿಸಬಹುದೆಂದು ಓದುಗರೇ ಊಹಿಸಿಕೊಳ್ಳಲಿ.

ಈಗ ನಮ್ಮ ಬಂಕುಗಳ ವಿಷಯ. ನಮ್ಮಲ್ಲಿ ಗ್ರಾಹಕನಿಗೆ ಕೆಲವು ಹಕ್ಕುಗಳಿವೆ. ಅಳತೆಯಲ್ಲಿ ಅನುಮಾನ ಬಂದರೆ ಐದು ಲೀಟರಿನ ಮಾಪಕದಲ್ಲಿ ಅಳೆದು ತೋರಿಸಿ ಎನ್ನಬಹುದು, ಕಲಬೆರಕೆಯ ಅನುಮಾನ ಬಂದರೆ ಫಿಲ್ಟರ್ ಕಾಗದದ ಪರೀಕ್ಷೆ ಕೇಳಬಹುದು, ಸಾಂದ್ರತೆಯನ್ನು ನೋಡಬಹುದು. ಆದರೆ ಆಕ್ಟೇನನ್ನು ಬಂಕಿನಲ್ಲಿ ನಿಂತು ಪರೀಕ್ಷಿಸುವ ಉಪಾಯ ಗ್ರಾಹಕನಿಗಿಲ್ಲ. ಅದಕ್ಕೆ ನಾನು ಮೇಲೆ ಹೇಳಿದ ಎಂಜಿನ್ ಇರುವ ಪ್ರಯೋಗಾಲಯವೇ ಬೇಕು. ಪರೀಕ್ಷಿಸಲಾಗದ ಗುಣಕ್ಕೆ ಹೆಚ್ಚು ಹಣ ಪಡೆಯುವವರ ಮೇಲೆ ಆ ಗುಣವನ್ನು ಸ್ಪಷ್ಟವಾಗಿ ಹೇಳುವ ಹೊಣೆಯೂ ಹೆಚ್ಚಿರಬೇಕು. ಪ್ರತಿ ನಾಜಲ್ಲಿನ ಮೇಲೆ, ಅದು ಸಾದಾ ಆಗಲಿ ಪ್ರೀಮಿಯಂ ಆಗಲಿ, ಆಕ್ಟೇನ್ ಎಷ್ಟು, ಎಥನಾಲ್ ಶೇಕಡ ಎಷ್ಟು, ದರ ಎಷ್ಟು ಎಂಬುದನ್ನು ಕನ್ನಡದಲ್ಲಿ ಕಾಣುವಂತೆ ಬರೆಯಲಿ. ಈಗ ಪ್ರೀಮಿಯಂ ನಾಜಲ್ಲಿಗೆ ಬಣ್ಣದ ಫಲಕವಿದೆ, ಸಾದಾ ನಾಜಲ್ಲಿನ ಆಕ್ಟೇನನ್ನು ಯಾರೂ ಹೇಳುವುದಿಲ್ಲ; ಒಂದರ ಸಂಖ್ಯೆ ಮಾತ್ರ ಕಂಡಾಗ ಗ್ರಾಹಕ ಹೋಲಿಸುವುದಾದರೂ ಹೇಗೆ?

ಇದಕ್ಕಿಂತ ಕೆಟ್ಟದ್ದು ಸಾದಾ ಪೆಟ್ರೋಲ್ ಇಲ್ಲವೆಂದು ಹೇಳಿ ಪ್ರೀಮಿಯಂ ಹಾಕುವ ಪರಿಪಾಠ. ಹೆದ್ದಾರಿಯ ಬಂಕೊಂದರಲ್ಲಿ ಸಂಜೆ ಹೊತ್ತು ನನಗೂ ಹೀಗೆಯೇ ಆಯಿತು. ಸಾದಾ ನಾಜಲ್ಲುಗಳಿಗೆ ಅಡ್ಡಲಾಗಿ ಸ್ಟೂಲ್ ಇಟ್ಟು, "ಸ್ಟಾಕ್ ಇಲ್ಲ, 95 ಮಾತ್ರ" ಎಂದರು. ನನ್ನ ಹಿಂದೆ ಬಂದ ಮೊಪೆಡ್ಡಿನ ಸವಾರ, ಹುಲ್ಲಿನ ಹೊರೆ ಕಟ್ಟಿಕೊಂಡಿದ್ದವರು, ಐವತ್ತು ರೂಪಾಯಿಯ ಪೆಟ್ರೋಲ್ ಕೇಳಿ, ದರವನ್ನು ನೋಡದೆಯೇ ಅದನ್ನು ಹಾಕಿಸಿಕೊಂಡು ಹೋದರು. ಅಂಥವರಿಗೆ ಸಿಕ್ಕಿದ್ದು ಕಡಿಮೆ ಪೆಟ್ರೋಲ್, ಅಷ್ಟೇ. ಟ್ಯಾಂಕರ್ ಬಂದಿಲ್ಲದಿರಬಹುದು, ನಿಜ, ಆದರೆ ಹಾಕುವ ಮೊದಲು "ಇದು ಪ್ರೀಮಿಯಂ, ಲೀಟರಿಗೆ ಇಷ್ಟು ಹೆಚ್ಚು, ಆಗಬಹುದೇ?" ಎಂದು ಕೇಳಲು ಯಾವ ಸ್ಟಾಕೂ ಬೇಕಿಲ್ಲ. ಕೆಲಸದ ಹುಡುಗರನ್ನು ನಾನು ದೂರುವುದಿಲ್ಲ. ಅವರು ಮೇಲಿನವರು ಹೇಳಿಕೊಟ್ಟಂತೆ ನಡೆಯುವವರು. ಗ್ರಾಹಕನ ಬಾಯಿಂದ ಒಪ್ಪಿಗೆ ಬಂದ ನಂತರವೇ ಪ್ರೀಮಿಯಂ ಹಾಕಬೇಕು, ರಸೀದಿಯಲ್ಲಿ ಅದರ ಹೆಸರೂ ದರವೂ ಇರಬೇಕು ಎಂಬ ಸ್ಪಷ್ಟ ಸೂಚನೆಯನ್ನು ತೈಲ ಕಂಪನಿಗಳು ತಮ್ಮ ಡೀಲರುಗಳಿಗೆ ಕೊಡಬೇಕು.

ವಾಹನ ತಯಾರಕರಿಗೂ ಒಂದು ಮಾತು. ಯಾವ ಪೆಟ್ರೋಲ್ ಹಾಕಬೇಕು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಕೈಪಿಡಿಯಲ್ಲಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಆ ಕೈಪಿಡಿ ಸೀಟಿನ ಕೆಳಗೆ ಮಳೆಯಲ್ಲಿ ನೆನೆದು ಮುದ್ದೆಯಾಗಿರುತ್ತದೆ, ಇಲ್ಲವೇ ಎರಡನೇ ಕೈ ಗಾಡಿಯೊಂದಿಗೆ ಬಂದಿರುವುದೇ ಇಲ್ಲ, ಇದ್ದರೂ ಕನ್ನಡದಲ್ಲಿರುವುದು ಅಪರೂಪ. ಟೈರಿನ ಗಾಳಿಯ ಒತ್ತಡವನ್ನು ಚೈನ್ ಕವರಿನ ಮೇಲೆ ಅಂಟಿಸುವಂತೆ, ಬೇಕಾದ ಕನಿಷ್ಠ ಆಕ್ಟೇನನ್ನು ಟ್ಯಾಂಕಿನ ಮುಚ್ಚಳದ ಬಳಿ ಅಚ್ಚು ಹಾಕಿದರೆ ಬಂಕಿನಲ್ಲಿ ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಭಾಗಗಳು ಶೇ 20ರ ಎಥನಾಲ್ ತಾಳಬೇಕೆಂಬ ನಿಯಮವಿರುವುದರಿಂದ, ಆ ಮಾಹಿತಿಯನ್ನೂ ಅಲ್ಲೇ ಸೇರಿಸಬಹುದು.

ಕೊನೆಯದಾಗಿ ತಮ್ಮಲ್ಲಿಯೂ ಒಂದು ವಿನಂತಿ. ಪತ್ರಿಕೆಗಳು ಪೆಟ್ರೋಲ್, ಡೀಸೆಲ್ ದರವನ್ನು ಊರುಗಳ ಪ್ರಕಾರ ಪ್ರಕಟಿಸುವಾಗ ಸಾದಾ ಪೆಟ್ರೋಲಿನದನ್ನು ಮಾತ್ರ ಕೊಡುತ್ತವೆ. ಅದರ ಪಕ್ಕದಲ್ಲಿ 95 ಆಕ್ಟೇನ್ ಪೆಟ್ರೋಲಿನ ದರವನ್ನೂ ಒಂದು ಅಂಕಣವಾಗಿ ಸೇರಿಸಿದರೆ, ತಮ್ಮ ಊರಿನ ಬಂಕಿನಲ್ಲಿ ಲೀಟರಿಗೆ ಎಷ್ಟು ಹೆಚ್ಚು ಕೇಳುತ್ತಿದ್ದಾರೆಂಬುದು ಓದುಗರಿಗೆ ಮನೆ ಬಿಡುವ ಮೊದಲೇ ತಿಳಿಯುತ್ತದೆ. ಸಚಿವಾಲಯದ 95ಕ್ಕೂ ಫಲಕದ 95ಕ್ಕೂ ಇರುವ ವ್ಯತ್ಯಾಸವೇನೆಂದು ತಮ್ಮ ವರದಿಗಾರರು ತೈಲ ಕಂಪನಿಗಳನ್ನು ಕೇಳಿ, ಬಂದ ಉತ್ತರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ
ಹಾಸನ